ತಗಡಿನ ಮೇಲೆ ಒಣಗಿದ ಕವಳಿ

ಅತ್ತೆ ಗದಿಗೆವ್ವನವರಿಗೆ ಬಾಳೆಹೊಸೂರಿನಿಂದ ಶಿವರಂಜನಿಯ ಶರಣು.

ನಿಮ್ಮ ಮಗ ನಂದೀಶ ಮಾಮಾ ಇದನ್ನು ನಿಮಗೆ ಓದಿ ಹೇಳಲಿ. ನೀವು ಅಕ್ಕನ ಕೂಸನ್ನು ಮುಟ್ಟುತ್ತಲೇ ಇಲ್ಲವೆಂದು ಅವರು ಫೋನಿನಲ್ಲಿ ಅತ್ತರು.

ಬಸುರಿ ಅಕ್ಕನಿಗೆ ರಕ್ತ ಕಡಿಮೆಯೆಂದು ಕಪ್ಪತಗುಡ್ಡದ ಕವಳಿಹಣ್ಣನ್ನು, ಕೃಷಿ ಮೇಳದಲ್ಲಿ ಕೊಟ್ಟ ಕರಪತ್ರದಲ್ಲಿ ಹೇಳಿದಂತೆ, ನೆರಳಲ್ಲಿ ಒಣಗಿಸಿ ಕಳಿಸಿದ್ದೆ. ಇನ್ನೂ ಮೆತ್ತಗಿವೆ, ಬಾಣಂತನದ ಹೊತ್ತಿಗೆ ಬೂಷ್ಟು ಹಿಡಿಯುತ್ತವೆ ಎಂದು ನೀವು ಅವನ್ನು ತಗಡಿನ ಮೇಲೆ ಸುಡುಬಿಸಿಲಿಗೆ ಹರವಿದಿರಿ.

"ಸತ್ವ ಎಲ್ಲಾ ಸುಟ್ಟು ಹಾಕಿದ್ರಿ!" ಎಂದು ನಾನು ಫೋನಿನಲ್ಲೇ ಕೂಗಾಡಿದೆ.

"ಏ ಹುಡುಗಿ, ನಾಕು ಚೀಟಿ ಓದಿ ನನಗ ಹಣ್ಣ ಒಣಗ್ಸೂದು ಕಲಿಸ್ತಿಯೇನ?" ಎಂದು ನೀವು ನಕ್ಕಿರಿ.

ಅಕ್ಕನನ್ನು ಮಣ್ಣು ಮಾಡಿ ಬಂದ ದಿನ ನನ್ನ ಕೈ ಹಿಡಿದು ಕೇಳಿದಿರಿ: "ಖರೆ ಹೇಳವ್ವಾ, ನಾ ಬಿಸಲಿಗೆ ಹಾಕಿದ್ದಕ್ಕ ಹಿಂಗಾತೇನು?"

ಊರಿಗೆ ಬಂದು ಆ ಕರಪತ್ರವನ್ನು ಮತ್ತೆ ಓದಿದೆ. ಸುಡುಬಿಸಿಲಿಗೆ ಹಣ್ಣಿನ ಬಣ್ಣ ಕೆಡುತ್ತದೆ, ಸಿ ಜೀವಸತ್ವ ಕುಂದುತ್ತದೆ. ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅಕ್ಕ ಹೋದದ್ದು ಹೆರಿಗೆಯ ರಕ್ತಸ್ರಾವ ನಿಲ್ಲದೆ, ಹೊತ್ತಿಗೆ ಅವಳ ಗುಂಪಿನ ರಕ್ತ ಸಿಗದೆ. ಒಂದು ಬೊಗಸೆ ಹಣ್ಣು, ಹೇಗೆ ಒಣಗಿಸಿದ್ದರೂ, ಅದನ್ನು ತಡೆಯುತ್ತಿರಲಿಲ್ಲ. ರಕ್ತ ಯಾಕೆ ಸಿಗಲಿಲ್ಲ ಎಂದು ನಾನು ಕೇಳುತ್ತಲೇ ಇರುತ್ತೇನೆ. ಆ ಜಗಳ ನನಗೆ ಬಿಡಿ.

ನೀವು ಕೂಸಿಗೆ ಎಣ್ಣೆ ಹಚ್ಚಿ ಎರೆಯಿರಿ. ನಮ್ಮವ್ವನೂ ಇಲ್ಲ. ಎರಡೂ ಮನೆಗಳಲ್ಲಿ ಆ ಕೆಲಸ ಬಲ್ಲವರು ಈಗ ನೀವೊಬ್ಬರೇ.

ನಿಮ್ಮ ಸೊಸೆಯ ತಂಗಿ,
ಶಿವರಂಜನಿ