ಮಂಜಿನಲ್ಲಿ ಒಂದೇ ಕೂಗು

ಹೊಸನಗರ
೨ ಮೇ ೧೯೮೬

ನಮ್ಮ ಮನೆಯವರಿಗೆ ದುಗ್ಗಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಕೊಟ್ಟು ಕಳಿಸಿದ ಕಷಾಯದ ಪುಡಿಯ ಡಬ್ಬಿ ಮುಚ್ಚಳವನ್ನಾದರೂ ತೆಗೆದಿರೋ ಇಲ್ಲವೋ? ಬೀಡಿ ಬಿಟ್ಟೆ ಅಂತ ಬರೆದಿದ್ದೀರಿ. ನಂಬಿದೆ ಅಂತ ನಾನೂ ಬರೆಯುತ್ತೇನೆ, ಅಲ್ಲಿಗೆ ಸರಿಹೋಯಿತು. ದಾಂಡೇಲಿಯ ಬಿಸಿಲಲ್ಲಿ ಡಿಪೋದ ದಿಮ್ಮಿಗಳ ನಡುವೆ ದಿನವಿಡೀ ನಿಲ್ಲಬೇಡಿ, ಕಾಲು ಊದುತ್ತದೆ. ನಾನು ಚೆನ್ನಾಗಿದ್ದೇನೆ. ಮದುವೆಗಳ ಕಾಲವಾದ್ದರಿಂದ ರವಿಕೆ ಹೊಲಿದೂ ಹೊಲಿದೂ ಕಣ್ಣು ಉರಿ, ಅಷ್ಟೇ.

ಈಗ ಸುದ್ದಿ. ನಿಂತುಕೊಂಡು ಓದುತ್ತಿದ್ದರೆ ಕೂತುಕೊಳ್ಳಿ. ನಾನು ಹಿಮಾಲಯ ಹತ್ತಲು ಹೋಗುತ್ತಿದ್ದೇನೆ. ಬಸ್ಸಿನಲ್ಲಿ ಕೂತು ದೇವರನ್ನು ನೋಡಿ ಬರುವ ಯಾತ್ರೆಯಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು, ಡೇರೆಯಲ್ಲಿ ಮಲಗಿ, ಹಿಮದ ಮೇಲೆ ನಡೆಯುವುದು. ಕರೆದುಕೊಂಡು ಹೋಗುವವರು ಸಾಗರದ ನಾರಾಯಣಮೂರ್ತಿ ಮೇಷ್ಟ್ರು. ಹೌದು, ಆರು ವರ್ಷದ ಕೆಳಗೆ ನಮ್ಮ ಶಂಭುವನ್ನು ಕರೆದುಕೊಂಡು ಹೋಗಿ ಅವನಿಲ್ಲದೆ ಹಿಂದಿರುಗಿದರಲ್ಲ, ಅವರೇ. ದಾರಿಯೂ ಅದೇ. ಗೈಡ್ ಕೂಡ ಅದೇ ಬಲವಂತ ಸಿಂಗ್. ಜೂನ್ ಮೊದಲ ವಾರ ಹೃಷಿಕೇಶದಿಂದ ಮೇಲೆ. ಡಾಕ್ಟರು ಎದೆ, ಬೆನ್ನು ಎಲ್ಲ ನೋಡಿ, “ಈ ವಯಸ್ಸಲ್ಲಿ ಎಂತಕ್ಕಮ್ಮ ಬೆಟ್ಟ?” ಅಂದರು. “ಮೊಣಕಾಲು ನಂದು, ಸರ್ಟಿಫಿಕೇಟ್ ಮಾತ್ರ ನಿಮ್ದು ಕೊಡಿ” ಅಂದೆ. ಕೊಟ್ಟರು. ದಪ್ಪ ಬಟ್ಟೆಗೆ ಒಳಗಿಂದ ಉಣ್ಣೆ ಕೊಟ್ಟು ಪೈಜಾಮ ಹೊಲಿದುಕೊಂಡಿದ್ದೇನೆ. ನಗಬೇಡಿ. ಪಕ್ಕದ ಮನೆಯ ಹುಲಿಯಮ್ಮ ಮಾತ್ರ ನಗಲಿಲ್ಲ. “ಮಗನ್ನ ನುಂಗಿದ ಬೆಟ್ಟ ಅದು ದುಗ್ಗಕ್ಕ, ಅವ್ವನ್ನೂ ಬಿಡಾದಿಲ್ಲ” ಅಂದಳು. ಅವಳ ಬಾಯಿ ನಿಮಗೆ ಗೊತ್ತಲ್ಲ.

ಯಾಕೆ ಹೋಗುತ್ತಿದ್ದೇನೆ ಅಂತ ಕೇಳುತ್ತೀರಿ. ಕಳೆದ ದೀಪಾವಳಿಗೆ ನೀವು ಬಂದಿದ್ದಿರಿ. ಹಿರಿಯರಿಗೆ ಎಡೆ ಇಡುವಾಗ ನಾನು ಇನ್ನೊಂದು ಎಲೆ ತೆಗೆದುಕೊಂಡೆ. ನೀವು ಕೈ ಹಿಡಿದು ತಡೆದಿರಿ. “ಶಂಭುಗೆ ಇಡಬ್ಯಾಡ. ಅವ್ನು ಓ ಅಂದಿಲ್ಲ ಅಷ್ಟೇ. ಸತ್ತಾನೆ ಅಂತ ಯಾರು ಕಂಡಾರೆ?” ಅಂದಿರಿ. ನಾನು ಎಲೆ ಮಡಚಿಟ್ಟೆ. ಆದರೆ ಹಿರಿಯರು ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ಕೂತಾಗ ನನ್ನ ಪಕ್ಕದಲ್ಲಿ ಯಾರೋ ನಿಂತಿದ್ದರು. ನೀವಲ್ಲ, ನೀವು ಬಾವಿಕಟ್ಟೆಯ ಹತ್ತಿರ ಇದ್ದಿರಿ. ಒದ್ದೆ ಉಣ್ಣೆಯ ವಾಸನೆ ಬಂತು. ಒಳಗೆ ಹಿರಿಯರ ಸಾಲಿನಲ್ಲಿ ಅವನಿಗೆ ಎಲೆಯಿಲ್ಲ, ಹೊರಗೆ ನಮ್ಮ ಜತೆ ಉಣ್ಣಲು ಅವನಿಲ್ಲ. ಅಂದಿನಿಂದ ನಾನು ಎಲ್ಲಿ ಊಟಕ್ಕೆ ಕೂತರೂ ಹಸಿದವರೊಬ್ಬರು ನೋಡುತ್ತಿದ್ದಾರೆ ಅನ್ನಿಸುತ್ತದೆ. ಹೆದರಿಕೆಯಲ್ಲ, ಸಂಕಟ. ಅರ್ಧ ಊಟಕ್ಕೇ ಏಳುತ್ತೇನೆ.

ಅದಕ್ಕೇ ಯುಗಾದಿ ಕಳೆದ ಮೇಲೆ ಸಾಗರಕ್ಕೆ ಹೋಗಿ ಮೇಷ್ಟ್ರ ಎದುರು ಕೂತೆ. ಕರೆದಾಗ ಅವನು ಓ ಅನ್ನಲಿಲ್ಲ, ಹುಡುಕಿದರೂ ಸಿಗಲಿಲ್ಲ ಅನ್ನುವಷ್ಟೇ ನಮಗೆ ಗೊತ್ತಿತ್ತು. ಆ ದಿನ ಏನಾಯಿತೆಂದು ಅವರನ್ನು ನಾವು ಒಮ್ಮೆಯೂ ಕೇಳಿರಲಿಲ್ಲ. ನೀವು ಅವರನ್ನು ಅಂಗಳಕ್ಕೇ ಬಿಡಲಿಲ್ಲವಲ್ಲ. ಇಳಿಜಾರಿನಲ್ಲಿ ಮಂಜು ಕವಿದು ಒಬ್ಬರ ಮುಖ ಒಬ್ಬರಿಗೆ ಕಾಣದಂತಾಯಿತಂತೆ. ಶಂಭು ಹಿಂದೆ ಉಳಿದಿದ್ದ. ಬಲವಂತ ಸಿಂಗ್ “ಶಂಭೂ” ಅಂತ ಕರೆದ. ಉತ್ತರವಿಲ್ಲ. ಈ ಬದಿಗೆ ಇಲ್ಲವೆಂದುಕೊಂಡು ಇನ್ನೊಂದು ಬದಿಗೆ ಹುಡುಕಲು ಹೋದರು. “ಒಂದೇ ಸಲ ಕರ್ದಿದ್ದು ಅಮ್ಮಾ, ಎಂತ ಮಾಡೂದು, ಮೇಲೆ ಹಸಿ ಹಿಮ ಇತ್ತು, ಕೂಗಿದ್ರೆ ಎಲ್ಲರ ತಲೆ ಮೇಲೆ ಬೀಳ್ತದೆ ಅಂದ ಅವ” ಅಂತ ಹೇಳಿ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಒಂದೇ ಸಲ ಅಂದದ್ದು ಕೇಳಿ ನಾನು ಎದ್ದು ಹೊರಗೆ ಬಂದುಬಿಟ್ಟೆ. ಕಾರಣ ಅವರಿಗೆ ತಿಳಿಯಲಿಲ್ಲ. ನಿಮಗೆ ಈಗ ತಿಳಿದಿರುತ್ತದೆ.

ಇದನ್ನು ನಿಮಗೆ ಹೇಳಬಾರದೆಂದು, ಮೊದಲು ಬರೆದ ಕಾಗದವನ್ನು ಹರಿದು ಹಾಕಿದ್ದೆ. ಆದರೆ ಮುಚ್ಚಿಟ್ಟು ಬದುಕಲು ನನ್ನಿಂದಾಗದು. ಶಂಭು ನಿಮ್ಮ ಹಿಂದೆ ಕಾಡಿಗೆ ಬರಲು ಶುರುಮಾಡಿದಾಗ ನೀವು ಮೊದಲು ಕಲಿಸಿದ ಪಾಠವೇ ಅದು: “ಕಾಡಾಗೆ ಒಂದು ಕೂಗಿಗೆ ಓಗೊಡಬ್ಯಾಡ ಮಗ. ದೆವ್ವ ಆದ್ರೆ ಒಂದೇ ಸಲ ಕರಿಯಾದು. ಮನಷ್ಯ ಆದ್ರೆ ಮೂರು ಸಲ ಕರೀತಾನೆ.” ನಿಮಗೆ ನಿಮ್ಮ ಅಪ್ಪಯ್ಯ ಕಲಿಸಿದ್ದು, ನಮ್ಮ ಕಡೆಯ ಎಲ್ಲ ಮಕ್ಕಳಿಗೂ ಕಲಿಸುವುದು. ನಮ್ಮ ಹುಡುಗ ಆ ಬಿಳಿ ಮಂಜಿನಲ್ಲಿ ಎರಡನೆಯ ಕೂಗಿಗೆ ಕಾದು ನಿಂತಿದ್ದ.

ಕಾಲೇಜು ಓದಿದ ಹುಡುಗ ಹಾಗೆ ಮಾಡಿಯಾನೇ ಅಂತ ನಾನೂ ನನ್ನನ್ನೇ ಕೇಳಿಕೊಂಡೆ. ಉತ್ತರ ಸಿಕ್ಕಿದ್ದು ಮೊನ್ನೆ. ಅಭ್ಯಾಸಕ್ಕೆಂದು ಮೇಷ್ಟ್ರು ನಮ್ಮನ್ನೆಲ್ಲ ಕೊಡಚಾದ್ರಿ ಹತ್ತಿಸಿದರು. ಹಿಂದಿನ ದಿನ ಮಳೆ ಬಿದ್ದಿತ್ತು. ತುದಿ ಹತ್ತಿರವಾಗುವಾಗ ಕಣಿವೆಯಿಂದ ಮಂಜು ಎದ್ದು ಬಂತು. ನಾನು ಹಿಂದೆ ಬಿದ್ದಿದ್ದೆ. ಮುಂದಿನಿಂದ “ಅಮ್ಮಾ” ಅಂತ ಮೇಷ್ಟ್ರು ಕರೆದರು. ಅವರದೇ ದನಿ, ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಮಾತು ಬಾಯಲ್ಲಿತ್ತು, ಓ ಅನ್ನುವುದೊಂದು ಮಾತ್ರ ಹೊರಡಲಿಲ್ಲ. ಬಂಡೆ ಹಿಡಿದು ಕಲ್ಲಿನ ಹಾಗೆ ನಿಂತೆ. ಹುಡುಕಿಕೊಂಡು ಬಂದ ಮೇಷ್ಟ್ರು “ಓ ಅನ್ಲಿಕ್ಕೆ ಆಗ್ತಿರ್ಲಿಲ್ವಾ?” ಅಂತ ರೇಗಿದರು. ನಾನು ಅಲ್ಲೇ ಕುಸಿದು ಕೂತು ಅತ್ತೆ. ಆಗ ಅವರಿಗೆ ಎಲ್ಲ ಹೇಳಿದೆ. ಕೇಳಿ ಅವರೂ ನನ್ನ ಪಕ್ಕದಲ್ಲೇ ಕೂತುಬಿಟ್ಟರು.

ನೀವು ನಿಮ್ಮನ್ನು ಬೈದುಕೊಳ್ಳಬೇಡಿ. ನೀವು ಕಲಿಸಿದ್ದು ಅವನನ್ನು ಉಳಿಸಿಕೊಳ್ಳಲು. ಬಲವಂತ ಸಿಂಗ್ ಒಂದೇ ಸಲ ಕರೆದದ್ದು ಉಳಿದವರನ್ನು ಉಳಿಸಿಕೊಳ್ಳಲು. ಆರು ವರ್ಷ ಮೇಷ್ಟ್ರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಈಗ ಯಾರ ಮೇಲೆ ಇಡಲಿ ಅಂತ ತಿಳಿಯದೆ ಮಿಷನ್ ತುಳಿಯುತ್ತಾ ಕೂತಿದ್ದೇನೆ. ಅದಕ್ಕೇ ಹೊರಟದ್ದು. ಆ ಇಳಿಜಾರಿನಲ್ಲಿ ನಿಂತು ಅವನನ್ನು ಮೂರು ಸಲ ಕರೆಯಬೇಕು. ಹಿಮ ಗಟ್ಟಿಯಿರುವ ಬೆಳಗಿನ ಹೊತ್ತು, ಮೆಲುದನಿಯಲ್ಲಿ ಕರೆಯಲು ಮೇಷ್ಟ್ರು ಒಪ್ಪಿದ್ದಾರೆ. ಮೂರಕ್ಕೂ ಅವನು ಓ ಅನ್ನದಿದ್ದರೆ ಬರುವ ದೀಪಾವಳಿಗೆ ಹಿರಿಯರ ಸಾಲಿನಲ್ಲಿ ಅವನಿಗೂ ಎಲೆ ಹಾಕುತ್ತೇನೆ. ನೀವು ಆಗ ಕೈ ಹಿಡಿಯಬಾರದು.

ಬಿಸಿನೀರನ್ನೇ ಕುಡಿಯಿರಿ. ಡಿಪೋದಲ್ಲಿ ನಿಮಗೆ ಅಡುಗೆ ಮಾಡಿ ಹಾಕುವವರಿಗೆ ನಾನು ಕೇಳಿದೆ ಅಂತ ಹೇಳಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ದುಗ್ಗಮ್ಮ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಮೇಲೆ ಬರೆದದ್ದರಲ್ಲಿರುವಷ್ಟು ಧೈರ್ಯ ನನ್ನಲ್ಲಿಲ್ಲ. ಒಂದು ಸಲ ಕರೆಯಬಲ್ಲೆ. ಎರಡನೆಯದನ್ನೂ ಹೇಗೋ ಕರೆದೇನು. ಮೂರನೆಯದು ಕರೆದ ಮೇಲೆ ನಮಗೆ ಮಗ ಇರುವುದಿಲ್ಲ. ಕರೆಯದೆ ಬಂದರೆ ಅವನು ಅಲ್ಲೇ ಕಾಯುತ್ತಾ ನಿಂತಿರುತ್ತಾನೆ. ಮೇಷ್ಟ್ರಿಗೆ ನಿಮ್ಮ ಹೆಸರೂ ಕೊಟ್ಟಿದ್ದೇನೆ. ರಜೆ ಹಾಕಿ ಬನ್ನಿ. ಮೂರನೆಯ ಸಲ ನೀವು ಕರೆಯಿರಿ.