ಮೇಷ್ಟ್ರಿಗೂ ವಾಚ್‌ಮನ್‌ಗೂ ಒಂದು ಮನೆ

ಹೊಸ ಮನೆ, ಕನ್ನಡಕದ ಅಂಗಡಿಯ ಮೇಲೆ
೯ ಮಾರ್ಚ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಮೊದಲು ನಿನ್ನ ಬೆನ್ನುನೋವಿನ ಸಮಾಚಾರ ಹೇಳು. ದಿನವಿಡೀ ಆ ಎತ್ತರದ ಸ್ಟೂಲಿನ ಮೇಲೆ ಕೂತು ಹಾಲಿನ ಸ್ಯಾಂಪಲ್ ಪರೀಕ್ಷೆ ಮಾಡುವವರಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ? ಹಾಸ್ಟೆಲಿನ ಹಾಸಿಗೆ ನಡುವೆ ಹಳ್ಳ ಬಿದ್ದಿದೆ ಅಂದಿದ್ದೆಯಲ್ಲ, ಬದಲಾಯಿಸಿಕೊಟ್ಟರೋ ಇಲ್ಲವೋ? ಬಾಯಿಬಿಟ್ಟು ಕೇಳದೆ ಯಾರೂ ಕೊಡುವುದಿಲ್ಲ, ನೀನೋ ಬಾಯಿಬಿಡುವವಳಲ್ಲ. ನನ್ನ ಮಂಡಿಯ ಕಥೆ ಗೊತ್ತೇ ಇದೆ. ಮೆಟ್ಟಿಲು ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಗೊಣಗುತ್ತದೆ. ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ, ಚಿಂತೆ ಮಾಡಬೇಡ.

ಇಷ್ಟೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ, ಈ ಮುದುಕಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಅನ್ನುತ್ತೀಯೇನೋ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಅರ್ಧ ಆಯಸ್ಸು ಕಳೆದವಳು ನಾನು. ಜನ ಫೋನಿನಲ್ಲಿ ಹೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾರೆ. ನಾವಿಬ್ಬರೂ ಅಷ್ಟೇ. ನೀನು "ಊಟ ಆಯ್ತಾ ಅತ್ತೆ?" ಅನ್ನುತ್ತೀಯ, ನಾನು "ಆಯ್ತಮ್ಮ, ನಿಂದು?" ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಮನೆ ಬದಲಾಯಿಸುವಾಗ ತೊಟ್ಟಿಯ ಮೀನುಗಳನ್ನು ಏನು ಮಾಡಲಿ ಅಂತ ಕೇಳಿದ ದಿನವಂತೂ "ನಿಮಗೆ ಹೇಗೆ ಸರಿ ಅನ್ಸತ್ತೋ ಹಾಗೆ ಮಾಡಿ" ಅಂದವಳೇ ಫೋನ್ ಇಟ್ಟುಬಿಟ್ಟೆ. ನಿನಗೆ ಅಳು ಬಂದಿತ್ತು ಅಂತ ನನಗೆ ಗೊತ್ತಾಗಲಿಲ್ಲ ಅಂದುಕೊಂಡೆಯಾ? ಅದಕ್ಕೇ ಎಲ್ಲವನ್ನೂ ಸಾವಕಾಶವಾಗಿ ಬರೆಯುತ್ತಿದ್ದೇನೆ. ನೀನೂ ಸಾವಕಾಶವಾಗಿ ಓದು.

ಹೊಸ ಮನೆ ಅಂದರೆ ಒಂದು ರೂಮು, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ನಿಂತು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ಒಂದು ರೀತಿಯಲ್ಲಿ ಅನುಕೂಲವೇ. ನಾನು ನಿವೃತ್ತಳಾದೆ, ನೀನು ಕೆಲಸ ಹುಡುಕಿಕೊಂಡು ಹೋದೆ, ನನ್ನ ಮಗನಂತೂ ಎರಡು ವರ್ಷದ ಹಿಂದೆಯೇ ನಮ್ಮಿಬ್ಬರನ್ನೂ ಬಿಟ್ಟು ಹೊರಟುಬಿಟ್ಟ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದು ನಾನು ಮಾಡುವುದಾದರೂ ಏನಿತ್ತು? ಕಪಾಟು, ಮಂಚ, ನಿನ್ನ ಹೊಲಿಗೆ ಯಂತ್ರ ಎಲ್ಲ ಹೇಗೋ ಹೊಂದಿಕೊಂಡವು. ಮೀನಿನ ತೊಟ್ಟಿಯದೇ ತಕರಾರು. ಇಲ್ಲಿನ ಮನೆ ಮಾಲೀಕ ಹಳೇ ಮನೆಗೇ ಬಂದು ಅದನ್ನು ಸುತ್ತು ಹಾಕಿ ನೋಡಿ, "ಅಮ್ಮಾ, ನೀರು ತುಂಬಿದ್ರೆ ಇದು ಆನೆ ಭಾರ ಆಗತ್ತೆ. ನನ್ನ ಮಹಡಿ ಹಳೇದು. ಒಂದಿನ ನಿಮ್ಮ ಮೀನೆಲ್ಲ ಕೆಳಗೆ ಅಂಗಡೀಲಿ ಕನ್ನಡಕ ಹಾಕ್ಕೊಂಡು ಕೂತಿರ್ತವೆ" ಅಂದ. ನಗು ಬಂತು, ಆದರೆ ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ನಿಮ್ಮ ಮದುವೆಯಾದ ಹೊಸದರಲ್ಲಿ ನೀವಿಬ್ಬರೂ ಮೀನು ತಂದ ಅಂಗಡಿಗೇ ಮೊದಲು ಹೋದೆ. ಅಂಗಡಿಯವರು ಅವನನ್ನು ಮರೆತಿಲ್ಲ. "ಮೀನಿಗಿಂತ ಹೆಚ್ಚು ಪ್ರಶ್ನೆ ತಗೊಂಡು ಹೋಗ್ತಿದ್ರು" ಅಂದರು. ಏಂಜಲ್ ಜೋಡಿಯನ್ನೂ ಕೆಂಪು ನೀಲಿ ಗೆರೆಯ ಆ ಪುಟಾಣಿ ಟೆಟ್ರಾಗಳನ್ನೂ ಇವತ್ತೇ ಬೇಕಾದರೂ ತೆಗೆದುಕೊಳ್ಳುತ್ತೇನೆ ಅಂದರು. ಆದರೆ ಮೇಷ್ಟ್ರೂ ವಾಚ್‌ಮನ್ನೂ ಬೇಡವಂತೆ. ಮೇಷ್ಟ್ರು ಎಲ್ಲರನ್ನೂ ಅಟ್ಟಿಸಿಕೊಂಡು ಹೋಗಿ ಸಾಲು ನಿಲ್ಲಿಸುವವನು, ಅವನನ್ನು ಬೇರೆ ಮೀನುಗಳ ಜೊತೆ ಬಿಡುವ ಹಾಗಿಲ್ಲ. ವಾಚ್‌ಮನ್ ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುತ್ತಾ ತಿನ್ನುತ್ತಾ ಒಂದು ಮೊಳದಷ್ಟು ಉದ್ದ ಬೆಳೆದಿದ್ದಾನೆ. "ಇಷ್ಟು ದೊಡ್ಡದನ್ನ ಯಾರೂ ಕೊಳ್ಳಲ್ಲಮ್ಮ" ಅಂದರು. ನೋಡಲು ಚೆಂದ ಇದ್ದವರಿಗೆ ಎಲ್ಲೆಲ್ಲೂ ಜಾಗ, ವಯಸ್ಸಾದವರಿಗೂ ಸಿಡುಕರಿಗೂ ಇಲ್ಲ. ನಾನು ಎರಡೂ ಆಗಿರುವುದರಿಂದಲೋ ಏನೋ, ಮೈ ಉರಿಯಿತು. ಕೊಟ್ಟರೆ ಎಲ್ಲರನ್ನೂ ಒಟ್ಟಿಗೇ ಕೊಡುತ್ತೇನೆ ಅಂತ ಹೇಳಿ ಬಂದುಬಿಟ್ಟೆ.

ಆಮೇಲೆ ಹಳೇ ಮನೆಯ ಮೆಟ್ಟಿಲ ಬಳಿ, ಮೀನು ತೊಟ್ಟಿ ಎರಡೂ ಕೊಡುವುದಿದೆ ಅಂತ ಒಂದು ಚೀಟಿ ಅಂಟಿಸಿದೆ. ಮೊದಲು ಬಂದಾತ ಟೇಪು ಹಿಡಿದು ಉದ್ದ ಅಗಲ ಅಳೆದು, "ಮೀನು ನೀವೇ ಇಟ್ಕೊಳ್ಳಿ, ನಂಗೆ ಗಾಜು ಸಾಕು" ಅಂದ. ನೀರಿಲ್ಲದೆ ಅವುಗಳನ್ನು ಎಲ್ಲಿ ಇಟ್ಟುಕೊಳ್ಳಲಿ, ಸೆರಗಿನಲ್ಲಾ? ಮೇಲಿನ ಮನೆಯಾಕೆ ಕೆರೆಗೆ ಬಿಟ್ಟುಬಿಡಿ, ಆರಾಮಾಗಿರುತ್ತವೆ ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು ಪಾಪ, ಆದರೆ ಅಂಗಡಿಯವರು ಮೊದಲೇ ಎಚ್ಚರಿಸಿದ್ದರು: ಸಾಕಿದ ಮೀನು ಅಲ್ಲಿ ತಾನೇ ಸಾಯುತ್ತದೆ, ಇಲ್ಲವಾದರೆ ಅಲ್ಲಿರುವುದನ್ನು ಸಾಯಿಸುತ್ತದೆ. ಮನೆ ಖಾಲಿ ಮಾಡುವ ದಿನ ಹತ್ತಿರವಾಗುತ್ತಿತ್ತು, ನನಗೆ ಊಟ ಸೇರುತ್ತಿರಲಿಲ್ಲ. ನಿನಗೆ ಫೋನ್ ಮಾಡಲು ಹೊರಟು ಹೊರಟು ಸುಮ್ಮನಾದೆ.

ಕೊನೆಗೆ ಅವುಗಳಿಗೆ ಮನೆ ಸಿಕ್ಕಿದ್ದು ಹೇಗೆ ಗೊತ್ತಾ? ಸಾಮಾನು ಸಾಗಿಸುವುದಕ್ಕೆ ಒಂದು ವ್ಯಾನ್ ಹೇಳಿದ್ದೆ. ಓಡಿಸುವವಳು ಒಬ್ಬ ಹೆಂಗಸು, ನಿನ್ನ ವಯಸ್ಸಿನವಳೇ, ತೋಳು ಮಾತ್ರ ನಿನ್ನ ಎರಡರಷ್ಟು. ಏನೇನು ಹೊರಬೇಕು ಅಂತ ಮುಂಚಿತವಾಗಿ ನೋಡಲು ಬಂದಳು. ಎಲ್ಲ ನೋಡಿ ತೊಟ್ಟಿಯ ಮುಂದೆ ನಿಂತವಳು ಕದಲಲೇ ಇಲ್ಲ. "ಇವು ಸದ್ದು ಮಾಡ್ತವಾ?" ಅಂತ ಕೇಳಿದಳು. ಇದೆಂಥ ಪ್ರಶ್ನೆ ಅಂದುಕೊಂಡೆ. ಆಮೇಲೆ ಹೇಳಿದಳು. ಅವಳ ಅಪ್ಪ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಜೀವಮಾನವೆಲ್ಲ ಧ್ವನಿವರ್ಧಕದ ಬುಡದಲ್ಲೇ ಕೂತು ಈಗ ಎರಡು ಕಿವಿಯೂ ಪೂರ್ತಿ ಹೋಗಿವೆಯಂತೆ. "ಟೀವಿ ಹಾಕಿದ್ರೆ ಕೇಳ್ಸಲ್ಲ ಅಂತ ರೇಗ್ತಾರೆ. ಕಿಟಕಿ ಹತ್ರ ಕೂರ್ಸಿದ್ರೆ ಜನ ಮಾತಾಡೋದು ಕಾಣತ್ತೆ, ಕೇಳ್ಸಲ್ಲ, ಅದಕ್ಕೂ ರೇಗ್ತಾರೆ. ಇವು ಮಾತೇ ಆಡಲ್ಲ ಅಂದ್ರೆ ಅವರಿಗೇನೂ ತಪ್ಪಿಹೋಗಲ್ಲ ಅಲ್ವಾ ಅಮ್ಮ?" ಅಂದಳು. ಪುಟ್ಟೀ, ತೊಟ್ಟಿ ಮೀನು ಎಲ್ಲವನ್ನೂ ನಿಮ್ಮಪ್ಪನಿಗೇ ಕೊಟ್ಟೆ ಅಂದುಬಿಟ್ಟೆ.

ಅವಳಿಗೆ ಮೀನಿನ ಗಂಧಗಾಳಿ ಗೊತ್ತಿರಲಿಲ್ಲ. ಅವನು ನಮಗೆ ಹೇಳಿ ಹೇಳಿ ತಲೆ ತಿಂದದ್ದನ್ನೆಲ್ಲ ನಾನು ಅವಳ ತಲೆಗೆ ದಾಟಿಸಿದೆ. ಹಿಂದಿನ ದಿನ ಊಟ ಹಾಕಬಾರದು. ಹಳೆಯ ನೀರನ್ನು ಚೆಲ್ಲದೆ ಕ್ಯಾನುಗಳಲ್ಲಿ ಒಯ್ಯಬೇಕು. ಫಿಲ್ಟರಿನ ಸ್ಪಂಜು ಒಣಗಬಾರದು. ವಾಚ್‌ಮನ್‌ನ ಮೈಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಅವನಿಗೆ ಮುಚ್ಚಳ ಇರುವ ಬಕೆಟ್ಟೇ ಆಗಬೇಕು. ಇದೆಲ್ಲ ನನ್ನ ಬಾಯಿಂದ ಸರಾಗವಾಗಿ ಬರುವುದನ್ನು ಕೇಳಿ ನನಗೇ ಆಶ್ಚರ್ಯ. ಅವನು ಹೇಳುವಾಗ ನಾನು ಪೇಪರ್ ಓದುತ್ತಾ ಹೂಂ ಹೂಂ ಅನ್ನುತ್ತಿದ್ದೆ ಅಷ್ಟೇ, ಒಳಗೆ ಯಾವಾಗ ಇಳಿಯಿತೋ ಕಾಣೆ.

ಏಂಜಲ್‌ಗಳು ಬಲೆಗೆ ಸುಲಭವಾಗಿ ಬಂದವು. ಟೆಟ್ರಾಗಳು ಸೀಮೆಯೆಲ್ಲ ಓಡಾಡಿಸಿದವು. ಮೇಷ್ಟ್ರು ಬಲೆಯನ್ನೇ ಅಟ್ಟಿಸಿಕೊಂಡು ಬಂದು ತಾನಾಗಿಯೇ ಒಳಗೆ ನುಗ್ಗಿದ. ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಅವಳ ಪಕ್ಕ ಕೂತೆ. ಹಳ್ಳ ಕಂಡಲ್ಲೆಲ್ಲ "ನಿಧಾನ, ನಿಧಾನ" ಅನ್ನುತ್ತಿದ್ದೆ. ಕೊನೆಗೆ ಅವಳು "ಅಮ್ಮ, ಬಸುರಿ ಹೆಂಗಸನ್ನೂ ನಾನು ಇಷ್ಟು ಮೆಲ್ಲಗೆ ಕರ್ಕೊಂಡು ಹೋಗಿಲ್ಲ" ಅಂದಳು.

ಅವಳಪ್ಪ ಬಾಗಿಲಲ್ಲೇ ನಿಂತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಮೀಸೆ, ಮಾತು ಮಾತ್ರ ಬೀದಿಯ ಆ ತುದಿಗೆ ಕೇಳುವಷ್ಟು ಜೋರು. "ಜೋರಾಗಿ ಮಾತಾಡಿ" ಅಂತ ಜೀವಮಾನವೆಲ್ಲ ಫೋನಿನಲ್ಲಿ ಜನರಿಗೆ ಹೇಳಿಕೊಂಡು ಬಂದ ನಾನು ಮೊದಲ ಸಲ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ತೊಟ್ಟಿಯನ್ನು ಅವರ ಮಂಚದ ಎದುರಿಗೇ, ನೆಲಮಹಡಿಯ ಗಟ್ಟಿ ನೆಲದ ಮೇಲೆ ಗೋಡೆಗೆ ತಾಗಿಸಿ ಇಟ್ಟೆವು. ನೀರು ತುಂಬಿ, ಚೀಲಗಳನ್ನು ಅದರಲ್ಲೇ ತೇಲಿಬಿಟ್ಟು ಕಾದೆವು. ಆಮೇಲೆ ಒಂದೊಂದಾಗಿ ಬಿಚ್ಚಿದೆ. ಎಲ್ಲರೂ ನೀರಿಗಿಳಿದು ಈಜಿಕೊಂಡು ಹೋದರು, ಹೆಣ್ಣು ಏಂಜಲ್ ಒಂದು ಮಾತ್ರ ಪಕ್ಕಕ್ಕೆ ವಾಲಿಕೊಂಡು ತಳಕ್ಕೆ ಬಿತ್ತು. ಕಿವಿರು ಆಡುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಅದೇ ಅಲ್ಲವೇ ನೀನು ಆರಿಸಿ ತಂದದ್ದು, ರೆಕ್ಕೆಯ ತುದಿ ಹರಿದಿದ್ದರೂ ಇದೇ ಇರಲಿ ಅಂತ ಹಟ ಹಿಡಿದು? ನಿನಗೆ ಏನಂತ ಹೇಳಲಿ ಅನ್ನುವುದೊಂದೇ ತಲೆಯಲ್ಲಿತ್ತು. ವ್ಯಾನಿನ ಹುಡುಗಿ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಅವಳಪ್ಪ ನೆಲದ ಮೇಲೆ ಕೂತು ಗಾಜಿಗೆ ಹಣೆ ಹಚ್ಚಿದರು. ಎಷ್ಟೋ ಹೊತ್ತಾದ ಮೇಲೆ ಇಡೀ ಬೀದಿ ಬೆಚ್ಚಿಬೀಳುವ ಹಾಗೆ ಕೂಗಿದರು: "ಉಸಿರಾಡ್ತಾ ಇದಾಳೆ ಕಣಮ್ಮಾ!" ನಿಜ, ಮೆಲ್ಲಗೆ ನೆಟ್ಟಗಾದಳು. ಮೇಷ್ಟ್ರು ಬಂದು ಒಂದು ಸಲ ಮೂಸಿ ನೋಡಿ, ಇವತ್ತಿಗೆ ಮಾಫಿ ಅನ್ನುವ ಹಾಗೆ ಹೊರಟುಹೋದ.

ಟೀ ಕುಡಿಯುವಾಗ ಅವರು ಇವನ್ನೆಲ್ಲ ಸಾಕಿದವರು ಯಾರು ಅಂತ ಕೇಳಿದರು. ಮಾತಾಡಿದರೆ ಅವರಿಗೆ ಕೇಳುವುದಿಲ್ಲವಲ್ಲ, ಮಗಳು ಒಂದು ಸ್ಲೇಟು ತಂದು ನನ್ನ ಕೈಗಿತ್ತಳು. "ನನ್ನ ಮಗ" ಅಂತ ಬರೆದೆ. ಬಳಪ ಅಲ್ಲೇ ನಿಂತಿತು. ಎಲ್ಲಿದ್ದಾರೆ ಅಂತ ಅವರ ಹುಬ್ಬು ಕೇಳುತ್ತಿತ್ತು. ಈ ಎರಡು ವರ್ಷದಲ್ಲಿ ಬಾಯಲ್ಲಿ ಎಷ್ಟೋ ಜನಕ್ಕೆ ಹೇಳಿದ್ದೇನೆ, ಬರೆದಿರಲಿಲ್ಲ. "ಈಗ ಇಲ್ಲ" ಅಂತ ಬರೆದೆ. ಅವರು ಓದಿದರು. ತಮ್ಮ ಅಂಗಿಯ ತೋಳಿನಿಂದ ಸ್ಲೇಟನ್ನು ನಿಧಾನವಾಗಿ ಒರೆಸಿದರು. ನನ್ನ ಕಿವಿ ಚೆನ್ನಾಗಿಯೇ ಇದೆ, ಅವರು ಬಾಯಲ್ಲೇ ಹೇಳಬಹುದಿತ್ತು. ಆದರೂ ಬಳಪ ತೆಗೆದುಕೊಂಡು ಬರೆದು ತೋರಿಸಿದರು: "ದಿನಾ ನೋಡ್ಕೋತೀನಿ." ಅದನ್ನು ಜೋರಾಗಿ ಹೇಳಬಾರದು ಅಂತ ಅವರಿಗೆ ಅನ್ನಿಸಿರಬೇಕು. ಅವತ್ತು ನಾನು ಅತ್ತೆ ಪುಟ್ಟೀ, ಪರಿಚಯವೇ ಇಲ್ಲದವರ ಮನೆಯಲ್ಲಿ ಟೀ ಲೋಟ ಹಿಡಿದುಕೊಂಡು. ಅತ್ತ ಮೇಲೆ ಹೊಟ್ಟೆ ಹಸಿಯಿತು. ಅಲ್ಲೇ ಉಂಡು ಬಂದೆ.

ಮೊನ್ನೆ ಹೋಗಿ ನೋಡಿದೆ, ಎಲ್ಲರೂ ಕ್ಷೇಮ. ವಾಚ್‌ಮನ್‌ಗೆ ಅವರು ದಿನಾ ಸೌತೆಕಾಯಿಯ ಹೋಳು ಹಾಕುತ್ತಾರೆ, ಇನ್ನಷ್ಟು ದಪ್ಪಗಾಗುತ್ತಾನೆ. ರೇಗುವುದು ಕಡಿಮೆಯಾಗಿದೆ ಅಂತ ಮಗಳು ಹೇಳಿದಳು, ಮೀನಿನದಲ್ಲ, ಅಪ್ಪನದು. ನೀನು ಬಂದಾಗ ಕರೆದುಕೊಂಡು ಹೋಗುತ್ತೇನೆ. ನಾನು ಮಾಡಿದ್ದು ನಿನಗೆ ಸರಿ ಅನ್ನಿಸಿದರೆ ಒಂದು ಸಾಲು ಬರೆ. ಅನ್ನಿಸದಿದ್ದರೆ ನಾಲ್ಕು ಸಾಲು ಬರೆದು ಬಯ್ಯಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈ ಹುಷಾರು. ನಿನ್ನ ರೂಮಿನ ಗೆಳತಿಗೆ ನಾನು ಕೇಳಿದೆ ಅಂತ ಹೇಳು. ನಿನ್ನ ನೆತ್ತಿಯ ಮೇಲೆ ಸದಾ ನನ್ನ ಕೈ ಇದೆ ಅಂತ ತಿಳಿದುಕೋ.

ನಿನ್ನ
ಅತ್ತೆ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿ ಗೀಚುತ್ತಿದ್ದೇನೆ. ಈಚೆಗೆ ನಿನ್ನ ಮಾತಿನಲ್ಲಿ "ನಮ್ಮ ಡೈರಿಯವರೊಬ್ಬರು" ಅಂತ ಒಬ್ಬರು ಬರುತ್ತಾರೆ. ಬಂದ ತಕ್ಷಣ ನೀನು ಮಾತು ಬದಲಾಯಿಸುತ್ತೀಯ. ಯಾಕೆ ಅಂತ ಗೊತ್ತು, ನಾನು ಅವನ ಅಮ್ಮ. ಹೌದು, ಅವನ ಅಮ್ಮನೇ. ಅದಕ್ಕೇ ಈ ಮಾತು ನನ್ನಿಂದಲೇ ಬರಬೇಕು: ಮುಂದಿನ ರಜೆಗೆ ಅವರನ್ನೂ ಕರೆದುಕೊಂಡು ಬಾ. ಮನೆ ಚಿಕ್ಕದು, ಮೂರು ಜನ ಕೂತರೆ ಮೊಣಕಾಲು ತಾಗುತ್ತವೆ, ತಾಗಲಿ. ಏನೇ ಆದರೂ ನನ್ನನ್ನು ಅತ್ತೆ ಅನ್ನುವುದನ್ನು ಮಾತ್ರ ಬಿಡಬೇಡ. ಹಾಗೆ ಕರೆಯುವವರು ನನಗೆ ಬೇರೆ ಯಾರಿದ್ದಾರೆ?