ಏಳನೇ ಮೊಲ

ಫೆಬ್ರವರಿ 11, ಮಂಗಳವಾರ

ಹೊಸಪೇಟೆ ಸ್ಟೇಷನ್ನಾಗ ಸಹಿ ಹಾಕಿ ಬಂದೆ. ಜಾಮೀನಂದ್ರ ಇಷ್ಟ — ವಾರಕ್ಕೊಂದು ಸಹಿ. ಕಾನ್ಸ್‌ಟೇಬಲ್ ದುರ್ಗಕ್ಕ ಚಾ ಕೊಟ್ಲು.

"ಏನವ್ವಾ ಕಾವ್ಯ, ಕಾಲೇಜಿಂದ ಹೋಗಿದ್ದು ಏಳು ಮೊಲ, ನಿನ್ನ ರೂಮಿನಾಗ ಸಿಕ್ಕಿದ್ದು ಆರು. ಇನ್ನೊಂದೆಲ್ಲೈತಿ?"

"ಗೊತ್ತಿಲ್ಲಕ್ಕಾ."

ಸುಳ್ಳು. ಎಮ್ಮಿಗನೂರಾಗ ಅಜ್ಜಿ ಮನ್ಯಾಗೈತಿ.

ಕದ್ದೆ, ಹೌದು. ನಮ್ಮ ಫಾರ್ಮಸಿ ಲ್ಯಾಬಿನಾಗ ಯಾವುದೋ ಕಂಪನಿ ಕಾಡಿಗಿ ಮೊಲದ ಕಣ್ಣಿಗೆ ಹಚ್ಚಿ ನೋಡ್ತಿದ್ರು. ಇಂಥಾ ಟೆಸ್ಟ್ ಸರ್ಕಾರ ಬಂದ್ ಮಾಡಿ ಎಷ್ಟೋ ವರ್ಷ ಆತು. ಪ್ರಿನ್ಸಿಪಾಲರಿಗೆ ಹೇಳಿದ್ರ "ನೀ ಓದ್ಕೊಂಡಿರು" ಅಂದ್ರು. ಓದಿದ್ದಕ್ಕ ಅಲ್ಲೇನ್ರೀ ಗೊತ್ತಾಗಿದ್ದು!

ಫೆಬ್ರವರಿ 16, ಭಾನುವಾರ

ಎಮ್ಮಿಗನೂರು. ವಿರುಪಮ್ಮಜ್ಜಿ ಮೊಲಾನ ತೊಡಿಮ್ಯಾಲೆ ಇಟ್ಕೊಂಡು ಕಣ್ಣು ಒರಸ್ತಿದ್ಲು. ಎಡಗಣ್ಣು ಪೂರಾ ಬೆಳ್ಳಗ.

"ಏನ್ ಹಾಕಿದ್ರವ್ವಾ ಇದಕ್ಕ?"

"ಕಾಡಿಗಿ. ಉರಿತೈತೇನು ನೋಡಾಕ."

"ಥೂ! ನಿಮ್ಮಪ್ಪಗ, ನಿನಗ, ಹರಳೆಣ್ಣಿ ದೀಪದಾಗ ಕಾಡಿಗಿ ಮಾಡಿ ಹಚ್ಚೀನಿ. ಮೊದಲ ನನ್ನ ಕಣ್ಣಿಗೆ ಹಚ್ಕೊಂತಿದ್ದೆ. ಉರಿದ್ರ ನನಗ ಉರೀಲಿ ಅಂತ."

ಅಳು ಬಂತು. ಸಿಟ್ಟಿನ ಅಳು.

ಫೆಬ್ರವರಿ 27, ಗುರುವಾರ

ಅಪ್ಪ ಕಂಪ್ಲಿಯಿಂದ ರೈಸ್‌ಮಿಲ್ ಬಿಟ್ಟು ಬಂದಿದ್ದ, ವಕೀಲ ಶಂಭುಲಿಂಗ ಅವರ ಆಫೀಸಿಗೆ. ಕಾಲೇಜಿನವರ ಮಾತೇನಂದ್ರ — ಏಳನೇದನ್ನ ಸುಮ್ಮನ ವಾಪಸ್ ಕೊಟ್ರ ರಾಜಿ. ಪರೀಕ್ಷಿಗೂ ಕುಂದ್ರಬಹುದು. ಪೊಲೀಸರು ಪಶು ಆಸ್ಪತ್ರ್ಯಾಗ ಇಟ್ಟಿರೋ ಆರೂ ಮತ್ತ ಲ್ಯಾಬಿಗೆ.

ಆಹಾ, ಎಂಥಾ ಜಾಣರು! ಆ ಆರಕ್ಕ ಇನ್ನೂ ಏನೂ ಹಚ್ಚಿರಲಿಲ್ಲ. ಕಣ್ಣು ಸುಟ್ಟಿದ್ದು ಏಳನೇದೊಂದರದ್ದ, ಸಾಕ್ಷಿ ಅಂದ್ರ ಅದೊಂದ.

"ಕೋರ್ಟಿಗೆ ತರ್ತೀನ್ರಿ ಇದನ್ನ," ಅಂದೆ.

"ಕದ್ದಿದ್ದು ಒಪ್ಕೊಂಡಂಗ ಆಗತೈತಮ್ಮಾ. ಜೈಲಾದ್ರ?" ವಕೀಲರು.

"ಆಗಲಿ ಬಿಡ್ರಿ."

"ಒಂದು ಮೊಲಕ್ಕ ಮಾನ ಕಳೀತಿಯಲ್ಲ!" ಅಪ್ಪ.

"ಮಾನ ಹೋಗಬೇಕಾದ್ದು ಅವರದು."

ಅಪ್ಪ ಎದ್ದು ಹೋದ.

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಕೋರ್ಟಿನ ಮುಂದ, ಬೇವಿನ ಗಿಡದ ಕೆಳಗ ಕುಂತು ಬರೀತಿದೀನಿ. ಅಜ್ಜಿ ತೊಡಿಮ್ಯಾಲೆ ಬುಟ್ಟಿ, ಬುಟ್ಟ್ಯಾಗ ಮೊಲ. ಬೈಕಿನ ಮ್ಯಾಲೆ ಇಬ್ಬರನ್ನೂ ಕರ್ಕೊಂಡು ಬಂದಿದ್ದು ಅಪ್ಪ! ನನ್ನ ಕೂಡ ಇನ್ನೂ ಮಾತಿಲ್ಲ. ಒಂದು ಕಟ್ಟು ಕೊತ್ತಂಬರಿ ತಂದು ಬುಟ್ಟ್ಯಾಗ ಹಾಕಿದ.

ದುರ್ಗಕ್ಕ ನೋಡಿ ಹೌಹಾರಿದ್ಲು. "ಯವ್ವಾ, ಜಲ್ದಿ ಮನಿಗೆ ಕಳಸು ಇದನ್ನ!"

"ಎಲ್ಲೈತಿ ಅಂತ ಕೇಳಿದ್ಯಲ್ಲಕ್ಕಾ? ಇಲ್ಲೈತಿ."

ಅಜ್ಜಿಗೆ ಒಂದ ಚಿಂತಿ — "ಆ ಪ್ರಿನ್ಸಿಪಾಲ ಬಂದಾನೇನು? ಮೊದಲ ತನ್ನ ಕಣ್ಣಿಗೆ ಹಚ್ಕೊಂಡು ತೋರಸಲಿ."

ಹೆಸರು ಕೂಗಿದ್ರು. ಕದ್ದೀಯೇನು ಅಂತ ಕೇಳಿದ್ರ ಹೌದಂತೀನಿ. ಯಾಕ ಅಂತ ಕೇಳಿದ್ರ, ಬುಟ್ಟಿ ಮುಚ್ಚಳ ತೆಗೆದು ಆ ಕಣ್ಣು —